ಅಪ್ಪಣೆಗುಂಡು

ಮಾಚನಹಳ್ಳಿಯ ಬಸ್ಸು ಊರಿನೊಳಗೆ ಹೋಗುವುದಿಲ್ಲ. ಊರಬಾಗಿಲಿನ ಹೊರಗೆ, ತಣಿಗೆಯಲ್ಲಿ ಇಟ್ಟ ರಾಗಿಮುದ್ದೆಯಂತೆ ಕೂತಿರುವ ಬೋಳು ಗುಂಡುಕಲ್ಲಿನ ಪಕ್ಕ ನಿಲ್ಲುತ್ತದೆ. ಇಳಿದವರು ಗುಂಡಿಗೆ ಮುಖ ಮಾಡಿ ತಮ್ಮ ಹೆಸರು ಹೇಳುತ್ತಾರೆ, ಹೋಗುವುದು ಎಲ್ಲಿಗೆ, ಯಾರ ಮನೆಗೆಂದು ಹೇಳುತ್ತಾರೆ, ಆಮೇಲೆ ಹೆಜ್ಜೆ ಇಡುತ್ತಾರೆ. ಹೊಸಬರಿಗೆ ಇದು ನಗೆಪಾಟಲು. ಬಂಡೆಗೆ ಕಿವಿಯುಂಟೇ ಎಂದು ಕೇಳುತ್ತಾರೆ. ಅದಕ್ಕಿಂತ ಸೋಜಿಗ ಇನ್ನೊಂದಿದೆ. ಗಂಡನ ಹೆಸರು ಕೇಳಿದರೆ ಸೆರಗು ಬಾಯಿಗಿಟ್ಟು ‘ನಮ್ಮನೆಯವರು’ ಎಂದಷ್ಟೇ ಹೇಳುವ ಮುದುಕಿಯರೂ ಇಲ್ಲಿ ಆ ಹೆಸರನ್ನು ಗಟ್ಟಿಯಾಗಿ ಹೇಳುತ್ತಾರೆ. ಇಲ್ಲಿರುವುದು ದೇವರೇ ಎಂದರೆ ಅಲ್ಲ, ದೆವ್ವವೇ ಎಂದರೆ ಅದೂ ಅಲ್ಲ. ಸುಬೇದಾರ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಊರಿನ ಕಾಟನಾಯಕ ಮೀಸೆ ಚಿಗುರುವ ವಯಸ್ಸಿಗೇ ಪಲ್ಟನ್ನು ಸೇರಿದ. ಬರ್ಮಾಕ್ಕೂ ಹೋದ, ಚೀನಾಕ್ಕೂ ಹೋದ. ಸಿಪಾಯಿಯಾಗಿದ್ದವನು ಸುಬೇದಾರನಾಗಿ, ಎದೆಯ ಮೇಲೊಂದು ಬಿಲ್ಲೆ ಹಾಕಿಕೊಂಡು, ತಲೆ ನರೆತ ಮೇಲೆ ಪಿಂಚಣಿಯಲ್ಲಿ ಊರಿಗೆ ಬಂದ. ಊರಿನವರು ಯುದ್ಧದ ಕತೆ ಕೇಳಲು ಕಟ್ಟೆಯಲ್ಲಿ ಕಾದುಕೂತರು. ಎಷ್ಟು ತಲೆ ತೆಗೆದೆ ಎಂದು ಕೇಳಿದರೆ, ಕಾವಲು ನಿಂತಿದ್ದೆ ಎಂದ. ಬರ್ಮಾದಲ್ಲಿ? ನಿಂತಿದ್ದೆ. ಚೀನಾದಲ್ಲಿ? ಅಲ್ಲಿಯೂ ನಿಂತಿದ್ದೆ. ನಿಂತು ನಿಂತೇ ಸುಬೇದಾರನಾದವನೆಂದು ಊರು ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಹೆಂಡತಿ ಬೋರಮ್ಮನಿಗೂ ಒಳಗೊಳಗೇ ಮುಖಭಂಗವಾಯಿತು. ಇಷ್ಟು ವರ್ಷ ತನ್ನನ್ನು ಒಂಟಿಯಾಗಿ ಬಿಟ್ಟು ಈ ಮನುಷ್ಯ ಬರೀ ನಿಂತಿದ್ದನೇ? ನಿಲ್ಲುವುದರಲ್ಲಿ ಕಲಿಯುವುದಾದರೂ ಏನಿದೆ? ರೊಟ್ಟಿ ತಟ್ಟುವಾಗಲೂ ಅವಳಿಗೆ ಇದೇ ಯೋಚನೆ.

ಮರುವರ್ಷ ಸೀಮೆಗೆಲ್ಲ ಪ್ಲೇಗು ಬಿತ್ತು. ಸೂರಿನಿಂದ ಇಲಿಗಳು ಉದುರತೊಡಗಿದ್ದೇ ತಡ, ಊರು ಊರೇ ಮನೆಗಳನ್ನು ಬಿಟ್ಟು ಗುಂಡಿನಾಚೆಯ ಹೊಲಗಳಲ್ಲಿ ಗುಡಿಸಲು ಹಾಕಿತು. ಆದರೆ ಅವಸರದಲ್ಲಿ ಮನೆದೇವರುಗಳು ಒಳಗೇ ಉಳಿದವು. ದೇವರನ್ನು ಕತ್ತಲಲ್ಲಿಟ್ಟು ತಾವು ಉಣ್ಣುವುದು ಹೇಗೆಂದು ಹೆಂಗಸರು ಚಡಪಡಿಸಿದರು. ದೀಪ ಹಚ್ಚಿ ಬರುತ್ತೇನೆಂದು ಹೋದವಳೊಬ್ಬಳು ಕಂಕುಳಲ್ಲಿ ಗಡ್ಡೆ ಎದ್ದು ಸತ್ತಳು. ಅವಳ ಹಿಂದೆಯೇ ಅವಳ ಗುಡಿಸಲಿನವರೆಲ್ಲ ಹೋದರು. ಅವತ್ತು ಕಾಟನಾಯಕ ಹಳೆಯ ಕೋಟು ತೊಟ್ಟು, ದೊಣ್ಣೆ ಹಿಡಿದು ಈ ಗುಂಡಿನ ಬಳಿ ಬಂದು ನಿಂತ. ಯಾರೇ ಬರಲಿ, ಹೆಸರು ಕೇಳುತ್ತಿದ್ದ, ಎಲ್ಲಿಗೆಂದು ಕೇಳುತ್ತಿದ್ದ, ಅದೇ ಹೆಸರು ಹಿಡಿದು ಇಂಥವರಿಗೆ ಅಪ್ಪಣೆ ಇಲ್ಲವೆಂದು ಹೇಳಿ ಹಿಂದೆ ಕಳಿಸುತ್ತಿದ್ದ. ತನ್ನ ಗಂಡ ತನ್ನನ್ನು ತಡೆಯಲಾರನೆಂಬ ಧೈರ್ಯದಿಂದ ಬೋರಮ್ಮ ಎಣ್ಣೆಯ ಕುಡಿಕೆ ಹಿಡಿದು ಹೊರಟಳು.

“ಯಾರು? ಎಲ್ಲಿಗೆ?” ಎಂದ ಕಾಟನಾಯಕ.

“ನಾನ್ಯಾರು ಅಂತ ನಿಮಗೆ ಗೊತ್ತಿಲ್ವಾ?”

“ಗೊತ್ತೈತೆ. ಗೊತ್ತಿರೋರ್ನ ತಡೆಯೋದೇ ಕಷ್ಟ, ಅದಕ್ಕೇ ಕೇಳ್ತೀನಿ. ಹೆಸರು ಹೇಳು.”

ಹೇಳಿದಳು. ಬೋರಮ್ಮನಿಗೆ ಅಪ್ಪಣೆ ಇಲ್ಲವೆಂದ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ದೇವರು ನೋಡುವುದಾದರೆ ಇಲ್ಲಿಂದಲೇ ನೋಡಲಿ ಎಂದು ಗುಂಡಿನ ಮೇಲಿದ್ದ ಒಂದು ಕುಳಿಗೆ ಎಣ್ಣೆ ಸುರಿದು, ಬತ್ತಿ ಹಚ್ಚಿ, ಹಿಂದಿರುಗಿ ನೋಡದೆ ನಡೆದಳು. ಮರುದಿನದಿಂದ ಉಳಿದ ಹೆಂಗಸರೂ ತಂತಮ್ಮ ದೀಪಗಳನ್ನು ಅಲ್ಲಿಯೇ ಹಚ್ಚಿದರು.

ಕೆಂಚಜ್ಜಿ ಎಂಬ ಕಿವುಡಿಯೊಬ್ಬಳು ಮಾತ್ರ ಹಿತ್ತಿಲಿನ ಗೋಡೆಯ ಸಂದಿನಿಂದ ಊರೊಳಗೆ ನುಸುಳಿದಳು. ಕೂಗಿದರೆ ಕೇಳದವಳನ್ನು ಕರೆಯುವುದು ಹೇಗೆ? ಕಾಟನಾಯಕ ತಾನೇ ಒಳಹೋಗಿ, ಜ್ವರದಲ್ಲಿ ಬಿದ್ದಿದ್ದವಳನ್ನು ಬೆನ್ನ ಮೇಲೆ ಹೊತ್ತು ತಂದ. ಆದರೆ ಗುಡಿಸಲುಗಳತ್ತ ಬರಲಿಲ್ಲ. ಗುಂಡಿನಿಂದ ಊರಿನ ಕಡೆಗೇ ಸೋಗೆಯ ಮರೆ ಕಟ್ಟಿ, ಅವಳು ಸಾಯುವವರೆಗೂ ನೀರು ಕುಡಿಸಿದ. ಬೋರಮ್ಮ ಅಂಬಲಿಯ ಗಡಿಗೆಯನ್ನು ದೂರದಲ್ಲಿಟ್ಟು ಬರುತ್ತಿದ್ದಳು. ಅಜ್ಜಿಯನ್ನು ಮಣ್ಣು ಮಾಡಿದ ಮೇಲೊಂದು ಮಧ್ಯಾಹ್ನ ಗಡಿಗೆ ಇಟ್ಟಂತೆಯೇ ಉಳಿದಿತ್ತು.

ಅವಳು ನೋಡುತ್ತಿದ್ದಂತೆಯೇ ಕಾಟನಾಯಕ ಎದ್ದ. ಜ್ವರ ನೆತ್ತಿಗೇರಿ, ಕಣ್ಣು ಕೆಂಡವಾಗಿ, ತೂರಾಡುತ್ತ ಗುಡಿಸಲುಗಳ ಕಡೆಗೇ ಬರುತ್ತಿದ್ದ. ಬೋರಮ್ಮನ ಬೆನ್ನ ಹಿಂದೆ ಊರಿನ ಮಕ್ಕಳೆಲ್ಲ ಆಡುತ್ತಿದ್ದವು. ಓಡಿಹೋಗಿ ತಬ್ಬಿಕೊಳ್ಳಬೇಕೆಂದು ಅವಳ ಜೀವ ಹಾತೊರೆಯಿತು. ಆದರೆ ಅವಳು ದಾರಿಗೆ ಅಡ್ಡ ನಿಂತಳು. ನಿಲ್ಲುವುದರಲ್ಲಿ ಏನಿದೆಯೆಂಬುದು ಅವಳಿಗೆ ಆಗ ತಿಳಿಯಿತು.

“ಯಾರು? ಎಲ್ಲಿಗೆ?” ಎಂದಳು.

ಆ ಮಾತಿಗೆ ಅವನ ಕಾಲುಗಳು ತಾವಾಗಿಯೇ ಜೋಡಿಗೊಂಡವು. “ಸುಬೇದಾರ ಕಾಟನಾಯಕ. ಮನೆಗೆ.”

ಗಂಡನ ಹೆಸರನ್ನು ಒಮ್ಮೆಯೂ ಆಡದ ಬಾಯಿ ಅವಳದು. ಹೆಸರು ಹಿಡಿಯದೆ ಹೇಳಿದರೆ ಅವನು ನಿಲ್ಲುವುದಿಲ್ಲವೆಂದೂ ಗೊತ್ತಿತ್ತು.

“ಸುಬೇದಾರ ಕಾಟನಾಯಕರಿಗೆ ಅಪ್ಪಣೆ ಇಲ್ಲ.”

ಅವನ ಮುಖದಲ್ಲಿ ನಗು ಮೂಡಿತೆಂದು ಬೋರಮ್ಮ ಕೊನೆಯವರೆಗೂ ಹೇಳುತ್ತಿದ್ದಳಂತೆ. ಅವಳಿಗೊಂದು ಸಲಾಮು ಹೊಡೆದು, ತಿರುಗಿ ನಡೆದು ಗುಂಡಿಗೆ ಒರಗಿದ. ಸಂಜೆಯ ದೀಪಗಳು ಹತ್ತುವ ಹೊತ್ತಿಗೆ ಅವನ ಜೀವ ಹೋಗಿತ್ತು. ಅಲ್ಲೇ ಮಣ್ಣು ಮಾಡಿದರು. ಮಾರಿ ಇಳಿದು ಊರು ಮನೆಗೆ ಮರಳಿದ ದಿನ ಬೋರಮ್ಮ ಎಲ್ಲರನ್ನೂ ಗುಂಡಿನ ಬಳಿ ನಿಲ್ಲಿಸಿ ಹೇಳಿದಳು: “ಸುಬೇದಾರ ಕಾಟನಾಯಕರಿಗೆ ಅಪ್ಪಣೆ ಐತೆ. ಮನೆಗೆ ನಡೀರಿ.” ಆಮೇಲೆ ಕೂತು ಅತ್ತಳು.

ಗುಂಡಿನ ಮೇಲೆ ಎಣ್ಣೆ ಕುಡಿದು ಕಪ್ಪಾದ ಕುಳಿಗಳನ್ನು ಈಗಲೂ ಕಾಣಬಹುದು. ಊರಿಗೆ ಹೊಸ ಸೊಸೆ ಬಂದಾಗ ಹಿರಿಯಳೊಬ್ಬಳು ಅಲ್ಲಿ ನಿಂತು ಯಾರು, ಎಲ್ಲಿಗೆ ಎಂದು ಕೇಳುತ್ತಾಳೆ. ಸೊಸೆ ತನ್ನ ಹೆಸರನ್ನೂ ಗಂಡನ ಹೆಸರನ್ನೂ ಹೇಳುತ್ತಾಳೆ. ಆದರೆ ಮೊದಲ ಅಪ್ಪಣೆ ಅವಳಿಗಲ್ಲ, ಸುಬೇದಾರನಿಗೆ. ಅದನ್ನು ಕೊಟ್ಟ ಮೇಲೆ ಎಲ್ಲರೂ ದಾರಿಯ ಬದಿಗೆ ಸರಿದು, ಅವನು ಮುಂದೆ ನಡೆಯಲೆಂದು ಕೊಂಚ ಹೊತ್ತು ಕಾಯುತ್ತಾರೆ.