ದುಗ್ಗಣ್ಣನ ಗಾಡಿಗೆ ಮೂಗು ಬಂದದ್ದು

ಒಂದು ಕಾಡಿನಲ್ಲಿ ರಸ್ತೆಯೇ ಇರಲಿಲ್ಲ, ಆದರೆ ಗಾಡಿಗಳಿದ್ದವು. ಯುದ್ಧದ ಅಭ್ಯಾಸಕ್ಕೆಂದು ಬಂದ ಸೈನ್ಯವೊಂದು ವಾಪಸು ಹೋಗುವಾಗ ಎರಡು ಭಾರಿ ಗಾಡಿಗಳನ್ನು ಅಲ್ಲೇ ಬಿಟ್ಟು ಹೋಗಿತ್ತು. ಒಂದಕ್ಕೆ ಆರು ಚಕ್ರ. ಮನೆಯೊಂದಕ್ಕೆ ಗಾಲಿ ಕಟ್ಟಿ ನಿಲ್ಲಿಸಿದ ಹಾಗಿತ್ತು. ಅದು ಕಾಡುಕೋಣ ದುಗ್ಗಣ್ಣನ ಪಾಲಿಗೆ ಬಂತು. ಇನ್ನೊಂದಕ್ಕೆ ನಾಲ್ಕೇ ಚಕ್ರ, ಆದರೆ ದೊಡ್ಡ ಕಪ್ಪೆಯೊಂದು ಕುಕ್ಕರಗಾಲಲ್ಲಿ ಕೂತ ಹಾಗೆ ಅಗಲವೋ ಅಗಲ. ಅದನ್ನು ಕರಡಿ ಜಟ್ಟಪ್ಪ ಇಟ್ಟುಕೊಂಡ.

ಅಂದಿನಿಂದ ಇಬ್ಬರೂ ನಡೆಯುವುದನ್ನು ಬಿಟ್ಟರು. ಹತ್ತು ಹೆಜ್ಜೆ ಆಚೆಗಿನ ಹುಲ್ಲಿಗೂ ದುಗ್ಗಣ್ಣ ಗಾಡಿ ಹೊರಡಿಸುತ್ತಿದ್ದ. ಜಟ್ಟಪ್ಪ ಮೊದಲೆಲ್ಲ ಜೇನುಗೂಡಿನ ಮರದ ಬುಡದಲ್ಲೇ ಮಲಗುತ್ತಿದ್ದ. ಈಗ ಗಾಡಿಯಲ್ಲಿ ಬಂದು ಜೇನು ಕೀಳುವ ಸುಖಕ್ಕಾಗಿ ಮಲಗುವ ಜಾಗವನ್ನೇ ದೂರಕ್ಕೆ ಬದಲಾಯಿಸಿದ.

ಎರಡು ಗಾಡಿಗಳಲ್ಲಿ ಯಾವುದು ಎತ್ತರ? ಇದು ಕಾಡಿನ ದೊಡ್ಡ ಪ್ರಶ್ನೆಯಾಯಿತು. ಪ್ರತಿ ಸಂಜೆ ಹೊಳೆಯ ದಡದ ಹಾಸುಬಂಡೆಯ ಮೇಲೆ ಗಾಡಿಗಳನ್ನು ಅಕ್ಕಪಕ್ಕ ನಿಲ್ಲಿಸುತ್ತಿದ್ದರು. ಅಳೆಯಲು ಕೋಲು ಇರಲಿಲ್ಲ, ಬೆಳ್ಳಕ್ಕ ಎಂಬ ಮೊಲ ಇದ್ದಳು. ಅವಳು ಕಿವಿಗಳನ್ನು ನೆಟ್ಟಗೆ ನಿಲ್ಲಿಸಿಕೊಂಡು ಗಾಡಿಯ ಅಡಿಯಲ್ಲಿ ಈ ಕಡೆಯಿಂದ ಆ ಕಡೆಗೆ ನಡೆಯಬೇಕು. ಕಿವಿ ತಗಲಿದರೆ ಗಾಡಿ ಕುಳ್ಳು, ತಗಲದಿದ್ದರೆ ಎತ್ತರ. ಅವಳಿಗೆ ಸಿಗುತ್ತಿದ್ದದ್ದು ಒಂದು ಹಿಡಿ ಗರಿಕೆ.

“ತಗಲಿತು! ಎಡಗಿವಿ ಬಾಗಿದ್ದನ್ನು ಕಣ್ಣಾರೆ ನೋಡಿದೆ!” ಎಂದು ಜಟ್ಟಪ್ಪ ಕೂಗುತ್ತಿದ್ದ.

“ಅದು ಗಾಳಿಗೆ ಬಾಗಿದ್ದು ಕಣಯ್ಯಾ! ನಿನ್ನ ಗಾಡಿ ಕೆಳಗೆ ಹೋಗುವಾಗ ಅವಳು ಬೆನ್ನು ಬಗ್ಗಿಸಿದ್ದು ಕಾಣಲಿಲ್ವಾ?” ಎನ್ನುತ್ತಿದ್ದ ದುಗ್ಗಣ್ಣ.

“ಬೆಳ್ಳಕ್ಕಾ, ನಿಜ ಹೇಳು. ಬೆನ್ನು ಬಗ್ಗಿಸಿದೆಯಾ?”

“ಇಲ್ಲಪ್ಪಾ. ನಿಮ್ಮ ಹೊಗೆಗೆ ಕೆಮ್ಮು ಬಂತು.”

ಮರದ ಮೇಲಿನ ಮಂಗಗಳು ಎರಡು ಪಕ್ಷವಾಗಿ ಕಿರುಚುತ್ತಿದ್ದವು. ಯಾವ ಪಕ್ಷ ಗೆದ್ದರೂ ಗೆದ್ದವರಿಗೆ ಏನೂ ಸಿಗುತ್ತಿರಲಿಲ್ಲ. ಆದರೂ ಒಂದು ಸಂಜೆಯೂ ಯಾರೂ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಈ ಜಗಳವನ್ನು ನರಿ ಗುರುಶಾಂತ ನಾಲ್ಕು ದಿನ ಕೂತು ನೋಡಿದ. ಐದನೆಯ ದಿನ ಹೊನ್ನೆ ಮರದ ಕೆಳಗೆ ಗ್ಯಾರೇಜು ತೆರೆದ. ಅವನ ಬಳಿ ಇದ್ದದ್ದು ಒಂದು ಸ್ಪ್ಯಾನರು, ಒಂದು ಗಡಿಗೆ ಹಲಸಿನ ಅಂಟು, ಮತ್ತು ಬಾಯಿ.

“ನಾನು ಮರಳುಗಾಡಿನಲ್ಲಿ ಕೆಲಸ ಕಲಿತವನು,” ಎಂದು ದುಗ್ಗಣ್ಣನಿಗೆ ಹೇಳಿದ. “ಹಿಮದ ನಾಡಿನಲ್ಲಿ ಕೆಲಸ ಕಲಿಸಿದವನು,” ಎಂದು ಜಟ್ಟಪ್ಪನಿಗೆ ಹೇಳಿದ. ಅವನು ಹುಟ್ಟಿದ್ದು ಆ ಹೊನ್ನೆ ಮರದ ಹಿಂದಿನ ಬಿಲದಲ್ಲಿ.

ಮೊದಲು ಅವನು ದುಗ್ಗಣ್ಣನ ಕಿವಿಯಲ್ಲಿ ಪಿಸುಗುಟ್ಟಿದ. “ಅಣ್ಣಾ, ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳುವವನಲ್ಲ ನಾನು. ಆದರೆ ಜಟ್ಟಪ್ಪ ನಾಲ್ಕು ದೀಪ ಕೇಳಿದ್ದಾನೆ.”

“ನನಗೆ ಎಂಟು ಹಾಕು,” ಎಂದ ದುಗ್ಗಣ್ಣ.

ಆಮೇಲೆ ಜಟ್ಟಪ್ಪನ ಬಳಿಗೆ ಹೋದ. “ಅಣ್ಣಾ, ನಾನು ಹೇಳಿದೆ ಅಂತ ಹೇಳಬೇಡ. ದುಗ್ಗಣ್ಣ ಎಂಟು ದೀಪ ಹಾಕಿಸಿದ್ದಾನೆ.”

“ಹೌದಾ? ನಾನು ದೀಪದ ಬಗ್ಗೆ ಯೋಚನೆಯೇ ಮಾಡಿರಲಿಲ್ಲ,” ಎಂದ ಜಟ್ಟಪ್ಪ. “ಹನ್ನೆರಡು ಹಾಕಿಬಿಡು.”

ಹೀಗೆ ಗಾಡಿಗಳು ಬೆಳೆದವು. ದುಗ್ಗಣ್ಣನ ಗಾಡಿಗೆ ಹುಲಿಯ ಘರ್ಜನೆಯ ಹಾರನ್ ಬಂತು. ಮೊದಲ ಸಲ ಒತ್ತಿದಾಗ ಅವನೇ ಗಾಡಿಯಿಂದ ಹಾರಿ ಓಡಿಹೋಗಿ ಎರಡು ದಿನ ಬಿದಿರುಮೆಳೆಯಿಂದ ಹೊರಗೆ ಬರಲಿಲ್ಲ. ನೆಕ್ಕಲು ಅನುಕೂಲವಾಗಲೆಂದು ಗಾಜಿನ ಮುಂದೆ ಉಪ್ಪಿನ ಗಡ್ಡೆಯೊಂದನ್ನು ತೂಗುಹಾಕಿಸಿದ. ಅಲ್ಲಿಂದ ಮುಂದಕ್ಕೆ ಅವನಿಗೆ ದಾರಿಗಿಂತ ಉಪ್ಪೇ ಹೆಚ್ಚು ಕಾಣುತ್ತಿತ್ತು. ಜಟ್ಟಪ್ಪ ಇನ್ನೂ ಒಂದು ಕೈ ಮುಂದೆ ಹೋದ. ದಾರಿಯಲ್ಲಿ ಹಸಿವಾದರೆ ಇರಲಿ ಎಂದು ಹಿಂದಿನ ಸೀಟು ಕಿತ್ತು ಅಲ್ಲಿ ಜೀವಂತ ಗೆದ್ದಲಿನ ಹುತ್ತವನ್ನೇ ಕೂರಿಸಿದ. ಚಕ್ರಗಳಿಗೆ ಮುಳ್ಳುಹಂದಿಯ ಮುಳ್ಳು, ಬಾಗಿಲಿಗೆ ನವಿಲುಗರಿ. ಕೆಸರು ತಾಗಿದರೆ ಹಾಳಾಗುತ್ತದೆ ಎಂದು ಇಬ್ಬರೂ ಗಾಡಿಗಳನ್ನು ಕೆಸರಿಗೆ ಇಳಿಸುವುದನ್ನೇ ನಿಲ್ಲಿಸಿದರು. ಕೆಸರಿಗಾಗಿಯೇ ಮಾಡಿದ ಗಾಡಿಗಳು ಅವು.

ಕೊನೆಗೆ ಮಳೆಗಾಲ ಹತ್ತಿರ ಬಂತು. ಗುರುಶಾಂತನಿಗೆ ಹೊಸ ಉಪಾಯ ಹೊಳೆಯಿತು.

“ಇದಕ್ಕೆ ಸ್ನಾರ್ಕೆಲ್ ಅಂತಾರೆ,” ಎಂದು ಒಂದು ಉದ್ದನೆಯ ಕೊಳವೆಯನ್ನು ಮಣ್ಣಿನಲ್ಲಿ ಗೀಚಿ ತೋರಿಸಿದ. “ಅಂದರೆ ಗಾಡಿಯ ಮೂಗು. ಎಂಜಿನ್ ನೀರಲ್ಲಿ ಮುಳುಗಿದರೂ ಗಾಡಿ ಇದರ ತುದಿಯಿಂದ ಉಸಿರಾಡ್ತದೆ. ಇಂಥದೊಂದು ಮೂಗಿನ ಗಾಡಿಯಲ್ಲಿ ಕೂತು ನಾನು ಸಮುದ್ರವನ್ನೇ ದಾಟಿದ್ದೀನಿ!”

“ಕಾಲು ನೆನೆಯಲಿಲ್ವಾ?” ಎಂದು ಕೇಳಿದ ಜಟ್ಟಪ್ಪ.

“ನಿದ್ದೆ ಬಂದಿತ್ತಣ್ಣಾ, ಗೊತ್ತಾಗಲಿಲ್ಲ.”

ಇಬ್ಬರೂ ಮೂಗು ಬೇಕೆಂದರು. ಗುರುಶಾಂತ ಎರಡು ಬಿದಿರು ಕಡಿದು ತಂದ. ಮಸಿ ಬಳಿದ. ಗಾಡಿಯ ಪಕ್ಕಕ್ಕೆ ಹಲಸಿನ ಅಂಟಿನಿಂದ ಅಂಟಿಸಿದ. ನಿಜವಾದ ಮೂಗಾದರೆ ಗಾಡಿಗೆ ತೂತು ಕೊರೆದು ಎಂಜಿನ್ನಿನವರೆಗೆ ದಾರಿ ಮಾಡಬೇಕು. ಅದು ಎರಡು ದಿನದ ಕೆಲಸ. ತೂತಿನ ಮಾತು ಹಾಗಿರಲಿ, ಬಿದಿರಿನ ಒಳಗಿನ ಗಿಣ್ಣುಗಳನ್ನು ಕೊರೆಯುವಷ್ಟು ಪುರುಸೊತ್ತೂ ಅವನಿಗಿರಲಿಲ್ಲ. ಈ ಇಬ್ಬರೂ ನೀರಿಗೆ ಇಳಿಯುವವರಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಮಧ್ಯಾಹ್ನವೇ ಹಾಸುಬಂಡೆಯ ಮೇಲೆ ಜನ ಸೇರಿತು. ಮೂಗುಗಳ ಭಾರಕ್ಕೆ ಗಾಡಿ ತಗ್ಗಿತೋ ಏನೋ ಎಂದು ಇಬ್ಬರಿಗೂ ಅನುಮಾನ. ಬೆಳ್ಳಕ್ಕ ಒಂದು ಸಲ ಅಳೆದಳು. ಎರಡನೆಯ ಸಲ ಅಳೆದಳು.

“ಇನ್ನೊಂದು ಸಲ ಹೋಗು ಬೆಳ್ಳಕ್ಕಾ, ಕಿವಿ ಸ್ವಲ್ಪ ಗಟ್ಟಿಯಾಗಿ ಹಿಡಿ,” ಎಂದ ಜಟ್ಟಪ್ಪ.

“ನಾನು ಹೊರಡಬೇಕಪ್ಪಾ. ಮೋಡ ಕಪ್ಪಾಗಿದೆ. ಮಕ್ಕಳು ಆಚೆ ದಡದಲ್ಲಿದ್ದಾವೆ.”

“ಒಂದೇ ಒಂದು ಸಲ. ಮರ್ಯಾದೆ ಪ್ರಶ್ನೆ,” ಎಂದ ದುಗ್ಗಣ್ಣ.

ಅವರ ಮರ್ಯಾದೆಗಾಗಿ ಅವಳು ಮೂರು, ನಾಲ್ಕು, ಐದನೆಯ ಸಲ ಅಳೆದಳು. ಅಷ್ಟರಲ್ಲಿ ಮೇಲಿನ ಗುಡ್ಡದಲ್ಲಿ ಸುರಿದ ಮಳೆ ಹೊಳೆಗೆ ಬಂತು. ಅವಳು ದಿನಾ ಹಾರಿ ದಾಟುತ್ತಿದ್ದ ಕಲ್ಲುಗಳು ಒಂದೊಂದಾಗಿ ಮುಳುಗಿದವು. ಕೆಂಪು ನೀರು ಎರಡೂ ದಡ ಹಿಡಿದು ಹರಿಯತೊಡಗಿತು.

ಬೆಳ್ಳಕ್ಕ ದಡದುದ್ದಕ್ಕೂ ಅತ್ತಿಂದಿತ್ತ ಓಡಿದಳು. “ನನ್ನ ಮೂರು ಮಕ್ಕಳು ಆ ತಗ್ಗಿನ ಹುಲ್ಲಲ್ಲಿದ್ದಾವೆ! ನೀರು ಹತ್ತಿರ ಬಂದುಬಿಟ್ಟಿದೆ. ನನ್ನನ್ನು ದಾಟಿಸಿ!”

“ಮಕ್ಕಳು ದಿಣ್ಣೆ ಹತ್ತಿಕೊಳ್ಳಲ್ವಾ?” ಎಂದಿತು ಒಂದು ಮಂಗ.

“ನಾನು ಬರೋವರೆಗೂ ಅಲುಗಬೇಡಿ ಅಂತ ಹೇಳಿದ್ದೀನಿ. ನನ್ನ ಮಕ್ಕಳು ಹೇಳಿದ ಮಾತು ಕೇಳ್ತಾವೆ. ಅದೇ ನನ್ನ ಭಯ.”

ಎಲ್ಲರೂ ಎರಡು ಗಾಡಿಗಳ ಕಡೆ ತಿರುಗಿದರು.

ಜಟ್ಟಪ್ಪ ಗಂಟಲು ಸರಿಮಾಡಿಕೊಂಡ. “ದುಗ್ಗಣ್ಣ, ನಿಜ ಹೇಳಬೇಕು ಅಂದರೆ ನಿನ್ನ ಗಾಡಿಯೇ ಎತ್ತರ.”

“ಛೆ, ಎಲ್ಲಾದರೂ ಉಂಟಾ! ನಿನ್ನದು ಒಂದು ಗೇಣು ಮೇಲೇ ಇದೆ,” ಎಂದ ದುಗ್ಗಣ್ಣ.

“ಐದು ಸಲ ಅಳೆದಾಗಲೂ ನಿನ್ನದೇ ಎತ್ತರ ಬಂತಲ್ಲ.”

“ನನ್ನ ಗಾಡಿಗೆ ಅವಳ ಕಿವಿ ತಗಲಿತು ಅಂತ ನೀನೇ ಅಂದೆಯಲ್ಲಯ್ಯಾ!”

ಬೇಸಿಗೆಯಿಡೀ ನಡೆದ ಜಗಳ ಒಂದೇ ಕ್ಷಣದಲ್ಲಿ ಮಗುಚಿಕೊಂಡಿತು. ಮಂಗಗಳಿಗೆ ಯಾವ ಪಕ್ಷಕ್ಕೆ ಕಿರುಚಬೇಕೆಂದೇ ತಿಳಿಯಲಿಲ್ಲ.

ಬೆಳ್ಳಕ್ಕ ಗುರುಶಾಂತನ ಎದುರಿಗೆ ಬಂದು ದುಗ್ಗಣ್ಣನ ಗಾಡಿ ತೋರಿಸಿದಳು. “ನೀನು ಹೇಳು. ಈ ಗಾಡಿ ಹೊಳೆ ದಾಟುತ್ತಾ ಇಲ್ವಾ?”

ಇಷ್ಟೊಂದು ಜನರ ಎದುರಿಗೆ ಇಲ್ಲ ಎಂದರೆ ಗ್ಯಾರೇಜಿನ ಕಥೆ ಮುಗಿದಂತೆ. ಗುರುಶಾಂತ ನಕ್ಕ. “ದಾಟದೆ ಏನಕ್ಕಾ? ಕಣ್ಣು ಮುಚ್ಚಿಕೊಂಡು ದಾಟುತ್ತದೆ. ಸಮುದ್ರದ ಮುಂದೆ ಇದು ಯಾವ ಲೆಕ್ಕ?”

“ಹಾಗಾದರೆ ನೀನೂ ಹತ್ತು.”

“ನಾನಾ? ನನಗೆ ಅಂಗಡಿ ಇದೆ. ಅಂಟು ಬೇರೆ ಇನ್ನೂ ಒಣಗಿಲ್ಲ…”

“ಯಾವ ಅಂಟು?” ಎಂದ ದುಗ್ಗಣ್ಣ.

“ಯಾವುದೂ ಇಲ್ಲಣ್ಣಾ! ಹತ್ತಿದೆ, ಹತ್ತಿದೆ!”

ಜಟ್ಟಪ್ಪನಿಗೆ ಸುಮ್ಮನೆ ನಿಲ್ಲಲು ನಾಚಿಕೆಯಾಯಿತು. ತನ್ನ ಗಾಡಿಯ ಮುಂದಿದ್ದ ಹಗ್ಗವನ್ನು ದುಗ್ಗಣ್ಣನ ಗಾಡಿಯ ಹಿಂಭಾಗಕ್ಕೆ ಕಟ್ಟಿದ. “ಏನಾದರೂ ಆದರೆ ನಾನು ದಡದಿಂದ ಎಳೀತೀನಿ,” ಎಂದು ಧೈರ್ಯ ಹೇಳಿದ. ದುಗ್ಗಣ್ಣ ಉಪ್ಪಿನ ಗಡ್ಡೆಯನ್ನು ಪಕ್ಕಕ್ಕೆ ಸರಿಸಿ ಹೊಳೆಯನ್ನು ನೋಡಿದ. ಒಂದು ಸಲ ನೆಕ್ಕಿದ. ಆಮೇಲೆ ಬೆಳ್ಳಕ್ಕನನ್ನೂ ಗುರುಶಾಂತನನ್ನೂ ಕೂರಿಸಿಕೊಂಡು ಗಾಡಿ ಹೊರಡಿಸಿದ.

ಅರ್ಧ ಹೊಳೆಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಎಂಟು ದೀಪ ಉರಿಯುತ್ತಿದ್ದವು. ಹಾರನ್ ಘರ್ಜಿಸುತ್ತಿತ್ತು. ಮಂಗಗಳು ಚಪ್ಪಾಳೆ ತಟ್ಟಿದವು. ಆಗ ನೀರು ಎಂಜಿನ್ನಿಗೆ ಏರಿತು. ಗಾಡಿ ಒಮ್ಮೆ ಗಳಗಳ ಎಂದಿತು, ಒಮ್ಮೆ ಸೀನಿತು, ಆಮೇಲೆ ಸುಮ್ಮನಾಯಿತು.

“ಗುರುಶಾಂತ, ಇದು ಯಾಕೋ ಉಸಿರಾಡ್ತಿಲ್ಲ!” ಎಂದು ದುಗ್ಗಣ್ಣ ಕೂಗಿದ.

ಗುರುಶಾಂತ ಆಗಲೇ ಕಿಟಕಿಯಿಂದ ಹೊರಬಿದ್ದು ಕೊಳವೆ ಹತ್ತುತ್ತಿದ್ದ. ಹಸಿ ಅಂಟು ಪಚಕ್ಕೆಂದು ಬಿಟ್ಟಿತು. ಕೊಳವೆ ಅವನ ಕೈಗೇ ಬಂತು. ಅದು ಅಂಟಿಕೊಂಡಿದ್ದ ಜಾಗ ಅಂಗೈಯಷ್ಟು ನುಣ್ಣಗಿತ್ತು.

“ಇಲ್ಲಿ ತೂತೇ ಇಲ್ಲವಲ್ಲೋ!” ಎಂದು ಬೆಳ್ಳಕ್ಕ ಕಿಟಕಿಯಿಂದ ಕೂಗಿದಳು.

“ಅದು… ಅದು ಮುಂದಿನ ವಾರದ ಕೆಲಸ…” ಎನ್ನುತ್ತಲೇ ಗುರುಶಾಂತ ಬಿದಿರನ್ನು ತಬ್ಬಿಕೊಂಡು ನೀರಿಗೆ ಬಿದ್ದ. ಗಿಣ್ಣು ಕೊರೆಯದ ಬಿದಿರು ಬಹಳ ಚೆನ್ನಾಗಿ ತೇಲುತ್ತದೆ. ಅದು ಅವನನ್ನು ತಿರುವಿನಾಚೆಗೆ ಕೊಂಡೊಯ್ದು ಮುಂಡುಗದ ಮುಳ್ಳುಪೊದೆಯೊಳಗೆ ಆಳಕ್ಕೆ ತುರುಕಿತು. ಅಲ್ಲಿಂದ ಅವನು ಕೂಗಿದ್ದು ಎಲ್ಲರಿಗೂ ಕೇಳಿಸಿತು. ಯಾರಿಗೂ ಪುರುಸೊತ್ತಿರಲಿಲ್ಲ.

ದಡದಲ್ಲಿ ಜಟ್ಟಪ್ಪ ಜೋರಾಗಿ ಎಳೆಯಲು ಹೋದ. ಆದರೆ ಮುಳುಗಿದ ಆರು ಚಕ್ರದ ಗಾಡಿಯೇ ಅವನ ಗಾಡಿಯನ್ನು ಎಳೆಯಿತು. ಅದು ಬಂಡೆಯಿಂದ ಜಾರಿ ಮೂತಿಯನ್ನು ಕೆಸರಿಗೆ ಊರಿ ನಿಂತಿತು. ಹಿಂದಿನ ಹುತ್ತ ಒಡೆದು ಮುಂದಕ್ಕೆ ಬಂತು. ಇಡೀ ಗೆದ್ದಲಿನ ಸಂಸಾರ ಜಟ್ಟಪ್ಪನ ಮೈಮೇಲೆ ಹರಡಿತು. ತಿನ್ನಲು ತಂದ ಊಟ ತನ್ನನ್ನೇ ತಿನ್ನತೊಡಗಿದಾಗ ಅವನು ಗಾಡಿ ಬಿಟ್ಟು ನೀರಿಗೆ ಹಾರಿದ.

ಇತ್ತ ಹೊಳೆಯ ನಡುವೆ ನೀರು ಸೀಟಿಗೆ ಬಂತು. ಬೆಳ್ಳಕ್ಕ ಗಾಡಿಯ ಛಾವಣಿಗೆ ಹಾರಿದಳು. ಆಚೆ ದಡದ ಹುಲ್ಲಿನಲ್ಲಿ ಮೂರು ಬೂದು ಚುಕ್ಕೆಗಳು ಅಲುಗದೆ ಕೂತಿದ್ದವು. ನೀರಿಗೂ ಅವಕ್ಕೂ ನಡುವೆ ಒಂದು ಮಾರು ಜಾಗ ಉಳಿದಿತ್ತು.

“ಸತ್ತೆ! ಸತ್ತೇಹೋದೆ!” ಎಂದು ಅರಚುತ್ತ ದುಗ್ಗಣ್ಣ ಬಾಗಿಲು ಒಡೆದುಕೊಂಡು ಹೊರಗೆ ಬಿದ್ದ. ನೀರು ನಾಲ್ಕು ಕಡೆ ಚಿಮ್ಮಿತು. ಎಲ್ಲರೂ ಕಣ್ಣು ಮುಚ್ಚಿಕೊಂಡರು. ಕಣ್ಣು ತೆರೆದಾಗ ದುಗ್ಗಣ್ಣ ಅಲ್ಲೇ ಇದ್ದ. ನೀರು ಅವನ ಹೊಟ್ಟೆಯವರೆಗೆ ಇತ್ತು.

ಮಂಗಗಳು ಕೊಂಬೆಯಿಂದ ಬಗ್ಗಿ ನೋಡಿದವು.

“ದುಗ್ಗಣ್ಣಾ,” ಎಂದಿತು ಮರದ ಮೇಲಿನ ಮಂಗ, “ಈಜ್ತಾ ಇದ್ದೀಯಾ?”

ದುಗ್ಗಣ್ಣ ಕೆಳಗೆ ನೋಡಿಕೊಂಡ. “ಇಲ್ಲ,” ಎಂದ ಮೆಲ್ಲಗೆ. “ನಿಂತಿದ್ದೀನಿ.”

ನಾಲ್ಕೂ ಕಾಲುಗಳು ಹೊಳೆಯ ತಳಕ್ಕೆ ಗಟ್ಟಿಯಾಗಿ ಊರಿದ್ದವು. ನೀರಿನ ರಭಸಕ್ಕೆ ಗಾಡಿ ಅಲುಗುತ್ತಿತ್ತು, ಅವನು ಅಲುಗುತ್ತಿರಲಿಲ್ಲ. ತಾನು ಕಾಡುಕೋಣ ಎಂಬುದು ಅವನಿಗೆ ಬಹಳ ದಿನಗಳ ಮೇಲೆ ನೆನಪಾಯಿತು. ಜನರ ಎದುರಿಗೇ ನೆನಪಾದದ್ದರಿಂದ ಅವನ ಮುಖ ಬಾಡಿತು.

“ದುಗ್ಗಣ್ಣಾ,” ಎಂದು ಬೆಳ್ಳಕ್ಕ ಛಾವಣಿಯಿಂದ ಅವನ ಭುಜಕ್ಕೆ ಹಾರಿದಳು. “ನಾಚಿಕೆ ಆಮೇಲೆ ಪಡು. ಈಗ ನಡಿ.”

ಅವನು ನಡೆದ. ಹತ್ತೇ ಹತ್ತು ಹೆಜ್ಜೆ. ಮೊದಲ ಎರಡು ತಡವರಿಸಿದವು, ಉಳಿದ ಎಂಟು ತಾವಾಗಿಯೇ ಬಿದ್ದವು. ದಡ ಸಿಕ್ಕಿದ ಕೂಡಲೇ ಬೆಳ್ಳಕ್ಕ ಕೆಳಗೆ ಹಾರಿದಳು. ಮಕ್ಕಳ ಹೊಟ್ಟೆಗೆ ಆಗಲೇ ನೀರು ತಾಗುತ್ತಿತ್ತು. ಆದರೂ ಮೂರೂ ಕೂತಲ್ಲೇ ಕೂತಿದ್ದವು.

“ಏಳಿ! ಓಡಿ! ದಿಣ್ಣೆ ಮೇಲಕ್ಕೆ!”

ಎರಡು ಓಡಿದವು. ಎಲ್ಲಕ್ಕಿಂತ ಚಿಕ್ಕದಕ್ಕೆ ಚಳಿಗೆ ಕಾಲು ಏಳಲಿಲ್ಲ. ದುಗ್ಗಣ್ಣ ಮೂತಿಯಿಂದ ಅದನ್ನು ಮೆಲ್ಲಗೆ ದಿಣ್ಣೆಗೆ ತಳ್ಳಿದ. ಅವರು ಬಿಟ್ಟುಬಂದ ಹುಲ್ಲಿನ ಮೇಲೆ ಆಗ ಕೆಂಪು ನೀರು ಹರಿಯಿತು.

ಒಣ ನೆಲದಲ್ಲಿ ಕೂತ ಮರಿ ಕತ್ತೆತ್ತಿ ದುಗ್ಗಣ್ಣನನ್ನು ನೋಡಿತು. ಕಾಲು ನೋಡಿತು, ಎದೆ ನೋಡಿತು, ಕೋಡು ನೋಡಲು ಹಿಂದಕ್ಕೆ ಬೀಳುವಷ್ಟು ಬಾಗಿತು.

“ಅಮ್ಮಾ,” ಎಂದಿತು, “ಎಷ್ಟು ದೊಡ್ಡ ಗಾಡಿ!”

“ಗಾಡಿಯಲ್ಲ ಮಗಾ,” ಎಂದಳು ಬೆಳ್ಳಕ್ಕ. “ಇವನು ದುಗ್ಗಣ್ಣ.”

ನೀತಿ: ಮೆರೆಯಲೆಂದು ಅಂಟಿಸಿಕೊಂಡದ್ದು ಕಷ್ಟದಲ್ಲಿ ಕಳಚಿ ಬೀಳುತ್ತದೆ, ಅಂಟಿಸಿ ಕೊಟ್ಟ ಮೋಸಗಾರನೂ ಅದರ ಜೊತೆಗೇ ಬೀಳುತ್ತಾನೆ, ಹೊಳೆ ದಾಟಿಸುವುದು ನಮಗಿರುವ ನಮ್ಮದೇ ಕಾಲು.