ಜಗಲಿಯ ಮೇಲಿನ ಡಬ್ಬಿ

ಇನ್ನಾಸಿ ಗುರುಪಟ್ಟ ಪಡೆದು ಹೊಳೆದಂಡೆಯ ಚರ್ಚಿಗೆ ಬಂದು ಆರು ತಿಂಗಳಾಗಿತ್ತು. ಊರವರು ಅವನನ್ನು ಸಣ್ಣ ಸ್ವಾಮಿ ಅನ್ನುತ್ತಿದ್ದರು. ಪಟ್ಟದ ದಿನ ಬಿಷಪ್ಪರು ಅಂಗೈಗೆ ಹಚ್ಚಿದ ಎಣ್ಣೆ ಇನ್ನೂ ಆರಿಲ್ಲ ಅಂತ ತಮಾಷೆಯನ್ನೂ ಮಾಡುತ್ತಿದ್ದರು.

ಸಣ್ಣ ಸ್ವಾಮಿ ಅಂದರೆ ಊರಿಗೆ ಪ್ರೀತಿಯೇ. ಅವನ ಜೇಬಿನ ಬೆಳ್ಳಿ ಡಬ್ಬಿ ಕಂಡರೆ ಮಾತ್ರ ಆಗುತ್ತಿರಲಿಲ್ಲ.

ಡಬ್ಬಿಯಲ್ಲಿದ್ದದ್ದು ಕಾಯಿಲೆಯವರಿಗೆ ಹಚ್ಚುವ ಪವಿತ್ರ ತೈಲ. ಅದು ಮನೆ ಹೊಕ್ಕರೆ ಹಿಂದೆಯೇ ಶವದ ಪೆಟ್ಟಿಗೆ ಬರುತ್ತದೆ ಅನ್ನುವುದು ಊರಿನ ನಂಬಿಕೆ. ಹಾಗಾಗಿ ಗಂಟಲಲ್ಲಿ ಗೊರಗೊರ ಶುರುವಾಗುವ ತನಕ ಸ್ವಾಮಿಯನ್ನು ಕರೆಯುತ್ತಲೇ ಇರಲಿಲ್ಲ. ಆಮೇಲೆ ಜೀವ ಹೋದರೆ, ನೋಡಿದ್ರಾ, ಎಣ್ಣೆ ಹಚ್ಚಿದ್ದೇ ತಡ, ಹೋಗಿಬಿಟ್ಟ ಅನ್ನುತ್ತಿದ್ದರು. ಎಂಥಾ ನ್ಯಾಯ ನೋಡಿ.

ಆವತ್ತು ಇನ್ನಾಸಿ ಗಾರೆ ಕೆಲಸದ ಚೌರಪ್ಪನ ಮನೆಗೆ ಹೋದ. ಚೌರಪ್ಪನ ಎದೆಯಲ್ಲಿ ಕಫ ಕಟ್ಟಿತ್ತು. ಡಾಕ್ಟರ ಔಷಧಿ ನಡೆಯುತ್ತಿತ್ತು. ಆದರೆ ನಾಲ್ಕು ದಿನದಿಂದ ಅವನು ರೆಪ್ಪೆ ಮುಚ್ಚಿರಲಿಲ್ಲ. ಮುಚ್ಚಿದರೆ ಮತ್ತೆ ತೆರೆಯುವುದೇ ಇಲ್ಲ ಅನ್ನುವ ಭಯ.

ಹೆಂಡತಿ ಮಾರ್ತಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಬನ್ನಿ ಸ್ವಾಮಿ, ಕಾಪಿ ಕುಡೀರಿ. ಆ ಡಬ್ಬಿ ಮಾತ್ರ ಜಗಲಿ ಮ್ಯಾಲೇ ಇರಲಿ.”

ಇನ್ನಾಸಿ ಡಬ್ಬಿಯನ್ನು ಜಗಲಿಯ ಮೇಲಿಟ್ಟು, ಕಾಫಿ ಕುಡಿದು, ಡಬ್ಬಿ ಎತ್ತಿಕೊಂಡು, ಮುಖ ಊದಿಸಿಕೊಂಡು ವಾಪಸು ಬಂದ.

ದೊಡ್ಡ ಸ್ವಾಮಿ ಸವೇರಪ್ಪನವರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಅಪ್ಪ ಅಮ್ಮ ಇಲ್ಲದ ಇನ್ನಾಸಿಯನ್ನು ಓದಿಸಿ, ಗುರುಪಟ್ಟದ ತನಕ ಕೈಹಿಡಿದು ನಡೆಸಿದವರು ಅವರೇ.

“ಏನು ಹೇಳಿದರೂ ಈ ಜನಕ್ಕೆ ತಲೆಗೆ ಹೋಗಲ್ಲ ಸ್ವಾಮಿ,” ಅಂದ ಇನ್ನಾಸಿ, ಮಾರ್ತಮ್ಮನ ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿ. “ಇದು ಸಾಯೋರಿಗಲ್ಲ, ಬದುಕೋರಿಗೆ ಅಂತ ಎಷ್ಟು ಸಲ ಹೇಳೋದು?”

“ಹೌದಲ್ಲ,” ಅಂದರು ದೊಡ್ಡ ಸ್ವಾಮಿ. “ಬುಧವಾರ ಆಸ್ಪತ್ರೆಯಲ್ಲಿ ನನ್ನ ಎದೆ ಕೊಯ್ಯುತ್ತಾರೆ. ಡಬ್ಬಿ ತೆಗಿ, ನನಗೆ ಹಚ್ಚು.”

ಇನ್ನಾಸಿ ಡಬ್ಬಿಯಿದ್ದ ಜೇಬಿಗೆ ಕೈ ಅಡ್ಡ ಹಿಡಿದ.

“ಬಿಡ್ತು ಅನ್ನಿ ಸ್ವಾಮಿ. ನಿಮಗೇನೂ ಆಗಲ್ಲ. ಡಾಕ್ಟರು ಕೈಗುಣ ಇರೋರು. ಈಗ್ಯಾಕೆ ಆ ಮಾತು?”

ಸವೇರಪ್ಪನವರು ಅವನನ್ನೇ ನೋಡಿದರು.

“ಮಾರ್ತಮ್ಮ ನಿನಗೆ ಕಾಫಿಯನ್ನಾದರೂ ಕೊಟ್ಟಳು. ನೀನು ಅದನ್ನೂ ಕೊಡಲಿಲ್ಲ.”

ಇನ್ನಾಸಿ ತಲೆ ತಗ್ಗಿಸಿದ. ಅವನಿಗೆ ಅಳು ಬಂತು. ಈ ಮನುಷ್ಯನನ್ನು ಬಿಟ್ಟರೆ ಅವನಿಗೆ ತನ್ನವರು ಅಂತ ಯಾರೂ ಇರಲಿಲ್ಲ.

“ಏಳು,” ಅಂದರು ಗುರುಗಳು. “ಇಲ್ಲಿ ಬೇಡ. ಚೌರಪ್ಪನ ಮನೆಗೆ ಹೋಗೋಣ.”

ದೊಡ್ಡ ಸ್ವಾಮಿಯನ್ನು ತಡೆಯಲು ಮಾರ್ತಮ್ಮನಿಗೆ ಬಾಯಿ ಬರಲಿಲ್ಲ. ಕಣ್ಣು ಮಾತ್ರ ಡಬ್ಬಿಯ ಮೇಲೇ ಇತ್ತು.

“ಹೆದರಬೇಡ ಕಣಮ್ಮ, ಇದು ನನಗೆ,” ಅಂದರು ಅವರು. “ನಿನ್ನ ಗಂಡನ ಪಕ್ಕ ಒಂದು ಸ್ಟೂಲು ಹಾಕು, ಸಾಕು.”

ಸ್ಟೂಲು ಬಂತು. ದೊಡ್ಡ ಸ್ವಾಮಿ ಕೂತರು. ಇನ್ನಾಸಿ ಮುಚ್ಚಳ ತೆಗೆದ. ಕೈ ಎಷ್ಟು ನಡುಗುತ್ತಿತ್ತೆಂದರೆ ಮುಚ್ಚಳ ಉರುಳಿ ಮಂಚದಡಿಗೆ ಹೋಯಿತು. ಮಾರ್ತಮ್ಮ ಬಗ್ಗಿ ಎತ್ತಿಕೊಟ್ಟಳು.

ಅವನು ಗುರುಗಳ ತಲೆಯ ಮೇಲೆ ಕೈಯಿಟ್ಟ. ಮಂತ್ರ ಹೇಳುತ್ತಾ ಹಣೆಗೆ ಎಣ್ಣೆ ಹಚ್ಚಿದ. ಅಂಗೈಗೆ ಹಚ್ಚಲು ಹೋದಾಗ ಅವರು ಎರಡೂ ಕೈಗಳನ್ನು ಮಗುಚಿ ಹಿಡಿದರು.

“ಒಳಗಡೆ ಪಟ್ಟದ ದಿನವೇ ಹಚ್ಚಿದ್ದಾರೆ. ನಮ್ಮಂಥ ಗುರುಗಳಿಗೆ ಹೊರಗಡೆ. ಮರೆತೆಯಾ?”

ಇನ್ನಾಸಿ ಮರೆತೇ ಬಿಟ್ಟಿದ್ದ. ನರ ಉಬ್ಬಿದ ಆ ಕೈಗಳ ಹಿಂಬದಿಗೆ ಎಣ್ಣೆ ಹಚ್ಚಿದ. ಅವನ ಕಣ್ಣೀರೂ ಅಲ್ಲೇ ಬಿತ್ತು.

ಸವೇರಪ್ಪನವರು ಉಸಿರು ಬಿಟ್ಟರು. “ಅಬ್ಬ. ಹದಿನೈದು ದಿನದಿಂದ ಆ ಆಪರೇಷನ್ ನೆನೆಸಿಕೊಂಡು ನನಗೆ ಊಟ ಸೇರುತ್ತಿರಲಿಲ್ಲ. ಮಾರ್ತಮ್ಮ, ಮನೇಲಿ ಮುದ್ದೆ ಇದೆಯೇನಮ್ಮ?”

ಮಾರ್ತಮ್ಮ ಬೆರಗಾಗಿ ನಿಂತಳು. ದೊಡ್ಡ ಸ್ವಾಮಿಗೂ ಭಯವಾಗುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ. ಇನ್ನಾಸಿಗೂ ಗೊತ್ತಿರಲಿಲ್ಲ.

ಮಂಚದ ಮೇಲಿಂದ ಕ್ಷೀಣ ದನಿ ಬಂತು.

“ಸ್ವಾಮಿ, ನಂಗೆ ಯಾವ ಕಡೆ ಹಚ್ತೀರಿ?”

ಚೌರಪ್ಪ ಎರಡೂ ಕೈ ಚಾಚಿದ್ದ. ಸುಣ್ಣ ಸಿಮೆಂಟು ತಿಂದು ಬಿರಿದ ಅಂಗೈಗಳು.

ಇನ್ನಾಸಿ ಮಾರ್ತಮ್ಮನ ಮುಖ ನೋಡಿದ. ಅವಳು ಸೆರಗಿನಿಂದ ಗಂಡನ ಹಣೆಯ ಬೆವರು ಒರೆಸಿದಳು.

“ಹಚ್ಚಿ ಸ್ವಾಮಿ,” ಅಂದಳು. “ಕೈ ಬಿರಿದವೆ, ವಸಿ ಮೆತ್ತಗೆ.”

ಎಣ್ಣೆ ಆರುವ ಮೊದಲೇ ಚೌರಪ್ಪನಿಗೆ ನಿದ್ದೆ ಹತ್ತಿತು. ಮಾರ್ತಮ್ಮ ಗಾಬರಿಯಾಗಿ ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು. ಅಷ್ಟರಲ್ಲಿ ಅವನು ಗೊರಕೆ ಹೊಡೆದ. ಅವಳು ನಕ್ಕಳು, ಅತ್ತಳು, ಮುದ್ದೆಗೆ ಎಸರಿಟ್ಟಳು.

ದೊಡ್ಡ ಸ್ವಾಮಿ ಊರಿಗೆ ವಾಪಸಾದದ್ದು ಮೂರು ವಾರ ಕಳೆದು. ಇಳಿದು ಹೋಗಿದ್ದರು, ಆದರೆ ನಡೆದೇ ಬಂದರು. ದಾರಿಯಲ್ಲಿ ಚೌರಪ್ಪ ತನ್ನ ಜಗಲಿಯ ಮೇಲೆ ಕೂತು ಗಂಜಿ ಕುಡಿಯುತ್ತಿದ್ದ.

ಇನ್ನಾಸಿ ಓಡಿಬಂದು ಅವರನ್ನು ಹೊಳೆಯ ಮೆಟ್ಟಿಲ ಮೇಲೆ ಕೂರಿಸಿದ. ಒಳಗೆ ಹೋಗಿ, ತುಂಬಿದ ಕಾಫಿ ಲೋಟ ಹಿಡಿದುಕೊಂಡು ಬಂದ.

“ಈ ಮೂರು ವಾರದಲ್ಲಿ ನಾಲ್ಕು ಮನೆಯವರು ಅವರಾಗಿಯೇ ಕರೆದರು ಸ್ವಾಮಿ. ಅವರಲ್ಲಿ ಕಿಟ್ಟಮ್ಮಜ್ಜಿ ಉಳಿಯಲಿಲ್ಲ. ಹೋಗುವಾಗ ನನ್ನ ಕೈ ಹಿಡಿದುಕೊಂಡು ನಗ್ತಾ ಇತ್ತು.” ಲೋಟ ಹಿಡಿದುಕೊಂಡೇ ಕೇಳಿದ. “ನೀವೂ ವಾಪಸು ಬರದೇ ಹೋಗಿದ್ದರೆ? ಆ ಎಣ್ಣೆಯಿಂದ ಏನು ವಾಸಿಯಾಯಿತು ಅನ್ನಬೇಕಿತ್ತು?”

ಸವೇರಪ್ಪನವರು ಅವನ ಕೈಯಲ್ಲಿದ್ದ ಲೋಟ ನೋಡಿದರು. ಅಂಚಿನ ತನಕ ತುಂಬಿತ್ತು. ಒಂದು ಹನಿಯೂ ತುಳುಕಿರಲಿಲ್ಲ.

“ಹಚ್ಚಿಸಿಕೊಂಡವನು ನಾನು, ಇನ್ನಾಸಿ. ನಡುಕ ಬಿಟ್ಟದ್ದು ನಿನ್ನನ್ನು. ತಾ ಇಲ್ಲಿ, ಕಾಫಿ ಆರುತ್ತೆ.”