ತೋಟಾದವನ ಅಚ್ಚು

"ಗುರುಗಳೇ, ಪಾಠ ತಲೆಗೆ ಹತ್ತದಿದ್ದರೆ ತಪ್ಪು ಯಾರದು? ಕಲಿಸುವವನದೋ, ಕಲಿಯುವವನದೋ?" ಎಂದು ಬಿದ್ದಪ್ಪ ಕೇಳಿದ.

ಬಿದ್ದಪ್ಪ ಊರಿನಲ್ಲಿ ಗಣಿತದ ಪಾಠ ಹೇಳುತ್ತಿದ್ದ. ಅವನ ಹತ್ತಿರ ಕಲಿತವರೆಲ್ಲ ಪಾಸಾಗಿದ್ದರು. ಆ ಹೆಮ್ಮೆ ಅವನ ನಡಿಗೆಯಲ್ಲೇ ಕಾಣುತ್ತಿತ್ತು. ಈ ವರ್ಷ ಸೇರಿದ ಒಬ್ಬ ಹುಡುಗಿ ಮಾತ್ರ ಹೆಜ್ಜೆಹೆಜ್ಜೆಗೂ ಎಡವುತ್ತಿದ್ದಳು. ಅವಳನ್ನು ಪಾಠದಿಂದ ಬಿಡಿಸಿಬಿಡುವುದೆಂದು ತೀರ್ಮಾನಿಸಿಕೊಂಡೇ ಗುರುಗಳ ಹತ್ತಿರ ಬಂದಿದ್ದ. ಅವರು ಹೂಂ ಅಂದರೆ ಸಾಕಿತ್ತು.

ಗುರುಗಳು ಹೂಂ ಅನ್ನಲಿಲ್ಲ, ಕತೆ ಶುರು ಮಾಡಿದರು.

ಬೆಟ್ಟದ ಸೀಮೆಯಲ್ಲಿ ಕೋವಿಯ ತೋಟಾ ಕಟ್ಟುವವನೊಬ್ಬನಿದ್ದ. ಹಾರಿಸಿ ಮುಗಿದ ಹಿತ್ತಾಳೆಯ ಕೊಳವೆಗಳಿಗೆ ಮತ್ತೆ ಮದ್ದು ತುಂಬಿ, ಹೊಸ ಗುಂಡು ಕೂರಿಸಿಕೊಡುವುದು ಅವನ ಕಸುಬು. ಸಿಡಿದ ಕೊಳವೆ ಉಬ್ಬಿರುತ್ತದೆ. ಉಕ್ಕಿನ ಅಚ್ಚಿಗೆ ಹಾಕಿ ಒತ್ತಿ ಅದನ್ನು ಅಳತೆಗೆ ತರಬೇಕು. ಅವನ ಅಚ್ಚು ಅಪ್ಪನ ಕಾಲದ್ದು, ಕೊಳವೆಯ ಕತ್ತನ್ನಷ್ಟೇ ಒತ್ತುತ್ತಿತ್ತು, ಮೈಯನ್ನು ಮುಟ್ಟುತ್ತಿರಲಿಲ್ಲ. ಆದರೂ ಅವನ ತೋಟಾ ಎಂದರೆ ಸುತ್ತಲಿನ ಊರುಗಳಲ್ಲಿ ಎರಡು ಮಾತಿರಲಿಲ್ಲ. ಕೈಕೊಟ್ಟ ಒಂದು ತೋಟಾ ತೋರಿಸಿ ನೋಡೋಣ ಎಂದು ಮೀಸೆ ತಿರುವುತ್ತಿದ್ದ. ತೋರಿಸಿದವರೇ ಇಲ್ಲ. ಹೆಮ್ಮೆಪಡಲಿ ಬಿಡು, ಕೆಲಸ ಬಲ್ಲವನು.

ಒಂದು ವರ್ಷ ಅವನ ಅಕ್ಕನ ಮಗಳು ಊರಿನ ಪರವಾಗಿ ಗುರಿ ಹೊಡೆಯುವ ಪಂದ್ಯಕ್ಕೆ ನಿಂತಳು. ಅವಳದು ಹೊಸ ಬಗೆಯ ಕೋವಿ. ಒಂದು ಗುಂಡು ಹಾರಿದ ಕೂಡಲೇ ಮುಂದಿನ ತೋಟಾವನ್ನು ತಾನೇ ಒಳಗೆ ಎಳೆದುಕೊಳ್ಳುತ್ತಿತ್ತು. ತೋಟಾ ನನ್ನದೇ ಆಗಬೇಕು ಎಂದು ಮಾವ ಹಟ ಹಿಡಿದ. ಹಾರಿಸಿ ನೋಡಿದರೆ ಎರಡನೆಯ ತೋಟಾ ಅರ್ಧಕ್ಕೇ ಸಿಕ್ಕಿಕೊಂಡಿತು.

ಗುಂಡು ಸಡಿಲವಾಗಿ ಅಲುಗಿರಬೇಕು ಎಂದುಕೊಂಡು ಅವನು ಕೊಳವೆಯ ಬಾಯಂಚನ್ನು ಒತ್ತಿ ಗುಂಡನ್ನು ಬಿಗಿಯಾಗಿ ಕಚ್ಚಿಸಿದ. ಮತ್ತೆ ಸಿಕ್ಕಿಕೊಂಡಿತು. ಇನ್ನೂ ಬಿಗಿದ. ಬಿಗಿದ ರಭಸಕ್ಕೆ ಕೊಳವೆಯ ಹೆಗಲೇ ಉಬ್ಬಿ, ಮೊದಲನೆಯ ತೋಟಾವೂ ಒಳಗೆ ಹೋಗದಾಯಿತು. ಊರಿನ ಕೋವಿಗಳಿಗೆಲ್ಲ ಆಗುವ ತೋಟಾ ಇದಕ್ಕೇಕೆ ಆಗದು, ಇದಕ್ಕೇನು ಧಾಡಿ ಎಂದು ಕೂಗಾಡಿದ. ಈ ಸಲ ಅಂಗಡಿಯ ತೋಟಾ ತರಿಸೋಣ ಎಂದು ಊರವರು ಗುಸುಗುಸು ಮಾತಾಡಿಕೊಂಡರು. ಅದು ಕಿವಿಗೆ ಬಿದ್ದ ಮೇಲೆ ಅವನಿಗೆ ಅನ್ನ ಸೇರಲಿಲ್ಲ.

ಅಕ್ಕನ ಮಗಳು ಎದುರು ವಾದಿಸಲಿಲ್ಲ. ಮನೆಯ ಹಳೆಯ ಕೋವಿಯನ್ನು ಅವನ ಕೈಗೆ ಕೊಟ್ಟು, ಒಂದು ತೋಟಾ ತುಂಬಿ ಅಂದಳು. ಅವನು ತೋಟಾ ಇಟ್ಟು, ಅಂಗೈ ಕೊಟ್ಟು ನೂಕಿ ಅಗುಳಿ ಮುಚ್ಚಿದ.

"ಅಷ್ಟು ಯಾಕೆ ನೂಕಿದಿರಿ, ಮಾವ?"

"ಎಲ್ಲರೂ ನೂಕುತ್ತಾರಲ್ಲ."

"ನನ್ನ ಕೋವಿಗೆ ನೂಕುವ ಕೈ ಇಲ್ಲ."

ಆಗ ಅವನಿಗೆ ಹೊಳೆಯಿತು. ಮೈ ಉಬ್ಬಿದ ತೋಟಾಗಳನ್ನು ಇಷ್ಟು ವರ್ಷ ಊರವರೇ ನೂಕಿ ಒಳಗೆ ಸೇರಿಸಿದ್ದರು. ಅವನ ಮೇಲಿನ ಗೌರವಕ್ಕೆ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಪೇಟೆಗೆ ಹೋಗಿ, ಕೊಳವೆಯ ಇಡೀ ಮೈಯನ್ನು ಒತ್ತುವ ಅಚ್ಚು ತಂದ. ಬಾಯಂಚನ್ನು ಗುಂಡು ಅಲುಗದಷ್ಟೇ, ಹಗುರಾಗಿ ಕಚ್ಚಿಸಿದ. ಪಂದ್ಯದ ದಿನ ತೋಟಾಗಳು ಒಂದರ ಹಿಂದೊಂದು ಸಲೀಸಾಗಿ ಓಡಿದವು, ಊರು ಗೆದ್ದಿತು. ಜನ ಅವನನ್ನು ಹೆಗಲ ಮೇಲೆ ಹೊತ್ತರು. ಮೊದಲು ಇಳಿಸಿ ಅಂದ. ಇಷ್ಟು ದಿನ ನಿಮ್ಮ ಕೈಗೆ ನೂಕುವ ಕೆಲಸ ಕೊಟ್ಟೆ, ಇನ್ನು ಕೊಡುವುದಿಲ್ಲ, ಹಳೆಯ ಕೊಳವೆಗಳನ್ನೆಲ್ಲ ತನ್ನಿ ಅಂದ. ಇದನ್ನು ತಲೆ ತಗ್ಗಿಸಿ ಹೇಳಲಿಲ್ಲ, ಎದೆ ಎತ್ತಿಯೇ ಹೇಳಿದ.

ಗುರುಗಳು ಕತೆ ಮುಗಿಸಿದರು. ಬಿದ್ದಪ್ಪನಿಗೆ ಸಮಾಧಾನವಾಗಲಿಲ್ಲ. ಉಳಿದ ಮಕ್ಕಳಿಗೆಲ್ಲ ತನ್ನ ಪಾಠ ಚೆನ್ನಾಗಿಯೇ ಅರ್ಥವಾಗಿದೆಯಲ್ಲ ಎಂದ.

"ಅವರಿಗೆ ಮನೆಯಲ್ಲಿ ಅದನ್ನೇ ಮತ್ತೊಮ್ಮೆ ಹೇಳಿಕೊಡುವವರಿದ್ದಾರೆ ಬಿದ್ದಪ್ಪ, ಅವಳಿಗೆ ಯಾರಿದ್ದಾರೆ?" ಎಂದರು ಗುರುಗಳು.